ನೀರುಳ್ಳಿ ಸಿಪ್ಪೆಯಲ್ಲಿ ರೈಬೋಸೋಮ್ ಕಾಣುವುದಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯಲ್ಲಿ ಮಳೆಯೂ ಶಾಲೆಯೂ ಒಟ್ಟಿಗೇ ಶುರುವಾಗುತ್ತವೆ. ಪ್ರೌಢಶಾಲೆಯ ಜೀವಕೋಶದ ಪಾಠ ಬರುವುದೂ ಹೆಚ್ಚಾಗಿ ಈ ಮಳೆಯ ದಿನಗಳಲ್ಲೇ. ಉಡುಪಿ, ಮಂಗಳೂರು ಕಡೆಯ ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಆ ಪುಟ ತೆರೆದರೆ ಚಿತ್ರ ಬಹಳ ಅಚ್ಚುಕಟ್ಟಾಗಿರುತ್ತದೆ. ನೀರುಳ್ಳಿ ಸಿಪ್ಪೆಯ ಕೋಶ ಎಂದು ಬರೆದು ಕೋಶಪೊರೆ, ಮೈಟೋಕಾಂಡ್ರಿಯ, ರೈಬೋಸೋಮ್ ಎಲ್ಲಕ್ಕೂ ಗೆರೆ ಎಳೆದು ಹೆಸರು ಕೊಟ್ಟಿರುತ್ತಾರೆ. ಕೆಲವರು ಕ್ಲೋರೋಪ್ಲಾಸ್ಟನ್ನೂ ಸೇರಿಸಿ ಹಸಿರು ಬಣ್ಣ ಹಚ್ಚಿರುತ್ತಾರೆ. ಮಣ್ಣಿನೊಳಗಿನ ಗಡ್ಡೆಯ ಒಳಸಿಪ್ಪೆಯಲ್ಲಿ ಹಸಿರು ಎಲ್ಲಿಂದ ಬರಬೇಕು? ಕೋಶದೊಳಗೆ ಪ್ರೋಟೀನ್ ತಯಾರಿಸುವ ಕಣವಾದ ರೈಬೋಸೋಮಿನ ಅಗಲ ಸುಮಾರು 0.02 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಎಂದರೆ ಮಿ.ಮೀ.ಯ ಸಾವಿರದ ಒಂದು ಪಾಲು). ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿದ್ದರೂ 0.2 ಮೈಕ್ರೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸಲಾರದು. ಮಗು ಆ ಚಿತ್ರವನ್ನು ಪಠ್ಯಪುಸ್ತಕ ನೋಡಿ ಬರೆದಿದೆ, ಕೋಶ ನೋಡಿ ಅಲ್ಲ. ಅದಕ್ಕೆ ನಾವು ಪೂರ್ಣ ಅಂಕವನ್ನೂ ಕೊಡುತ್ತಿದ್ದೇವೆ.

ಇದು ನಿಲ್ಲಬೇಕು. ಪ್ರತಿ ಮಗುವೂ ವರ್ಷಕ್ಕೆ ಒಮ್ಮೆಯಾದರೂ ತಾನೇ ಸ್ಲೈಡ್ ಮಾಡಿ, ತಾನೇ ಫೋಕಸ್ ಮಾಡಿ, ಕಂಡದ್ದನ್ನು ಮಾತ್ರ ಬಿಡಿಸಬೇಕು. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ (ನಮ್ಮ ಸೀತಾಳೆ ದಂಡೆಯ ಬಳಗ) ಸಿಪ್ಪೆಯಲ್ಲಿ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟದ್ದು ಒಂದೇ ಮಸೂರದ ಸೂಕ್ಷ್ಮದರ್ಶಕದಲ್ಲಿ. ನಮ್ಮ ಶಾಲೆಗಳ ಕಪಾಟಿನಲ್ಲಿರುವ ಯಂತ್ರ ಅದಕ್ಕಿಂತ ಅನುಕೂಲದ್ದು. ಕಷ್ಟ ಇರುವುದು ಸಣ್ಣ ಸಣ್ಣ ಸಂಗತಿಗಳಲ್ಲಿ. ಅವನ್ನು ಬಿಡಿಸಿ ಹೇಳುವುದಕ್ಕೆ ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಜಾಗ ಕೇಳುತ್ತಿದ್ದೇವೆ.

ಮೊದಲು ಬೆಳಕು. ಹೆಚ್ಚಿನ ಶಾಲೆಗಳಲ್ಲಿರುವುದು ಅಡಿಯಲ್ಲಿ ಕನ್ನಡಿ ಇರುವ ಸೂಕ್ಷ್ಮದರ್ಶಕ. ಕನ್ನಡಿಗೆ ಎರಡು ಮುಖ. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಕಂಡೆನ್ಸರ್ (ಬೆಳಕನ್ನು ಒಟ್ಟುಗೂಡಿಸುವ ಮಸೂರ) ಇದ್ದರೆ ಚಪ್ಪಟೆ ಮುಖ, ಇಲ್ಲದಿದ್ದರೆ ತಗ್ಗು ಮುಖ. ಜುಲೈಯ ಮೋಡದಲ್ಲಿ ಕಿಟಕಿಯ ಬೆಳಕು ಸಾಲುವುದಿಲ್ಲ. ಅದಕ್ಕೆ ಎಲ್‌ಇಡಿ ಟಾರ್ಚನ್ನೋ ಮೊಬೈಲಿನ ಟಾರ್ಚನ್ನೋ ಕನ್ನಡಿಯಿಂದ ಒಂದು ಗೇಣು ದೂರದಲ್ಲಿಟ್ಟು, ಮುಂದೆ ಒಂದು ತುಂಡು ಬಟರ್ ಪೇಪರ್ ಹಿಡಿದರೆ ಬೆಳಕು ಸಮನಾಗಿ ಹರಡುತ್ತದೆ. ಬಿಸಿಲು ಬಂದ ದಿನ ಕನ್ನಡಿಯನ್ನು ನೇರ ಸೂರ್ಯನಿಗೆ ತಿರುಗಿಸುವುದು ಮಾತ್ರ ಕೂಡದು, ಕಣ್ಣೇ ಹೋದೀತು. ಇನ್ನೊಂದು ತಪ್ಪು ಎಲ್ಲೆಡೆ ಕಾಣುತ್ತದೆ: ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕಿಂಡಿಯಾದ ಡಯಾಫ್ರಾಮನ್ನು ಪೂರ್ತಿ ತೆರೆದಿಡುವುದು. ಬೆಳಕು ಹೆಚ್ಚಾದಷ್ಟೂ ಚೆನ್ನ ಎಂದು ತೋರುತ್ತದೆ, ಆದರೆ ಕೋಶವೆಂಬುದು ಗಾಜಿನಂತೆ ಪಾರದರ್ಶಕ. ಬೆಳಕಿನ ಹೊಳೆಯಲ್ಲಿ ಅದರ ಅಂಚುಗಳು ಕರಗಿಹೋಗುತ್ತವೆ. ಡಯಾಫ್ರಾಮನ್ನು ಅರ್ಧಕ್ಕಿಂತ ಕಡಿಮೆಗೆ ಮುಚ್ಚುತ್ತ ಬಂದರೆ, ಏನೂ ಇಲ್ಲವೆಂದುಕೊಂಡ ಸ್ಲೈಡಿನಲ್ಲಿ ಕೋಶಭಿತ್ತಿಯ ಗೆರೆಗಳು ಒಂದೊಂದಾಗಿ ಎದ್ದು ಬರುತ್ತವೆ.

ಇನ್ನು ನೀರುಳ್ಳಿ. ಹೊರಗಿನ ಒಣ ಕಾಗದದಂಥ ಸಿಪ್ಪೆಯಲ್ಲ, ಒಳಗಿನ ರಸಭರಿತ ಪದರ ಬೇಕು. ಅದರ ತಗ್ಗು ಬದಿಯಲ್ಲಿ, ಅಂದರೆ ಗಡ್ಡೆಯ ನಡುವಿನ ಕಡೆಗೆ ಮುಖಮಾಡಿದ ಬದಿಯಲ್ಲಿ, ತೆಳ್ಳಗಿನ ಪೊರೆಯೊಂದು ಸುಲಭವಾಗಿ ಏಳುತ್ತದೆ. ಬ್ಲೇಡಿನಲ್ಲಿ ಅರ್ಧ ಸೆಂ.ಮೀ. ಚೌಕ ಗೀರಿ ಚಿಮಟದಿಂದ ಎತ್ತಬೇಕು. ಎತ್ತಿದ್ದು ಬೆಳ್ಳಗೆ ಮಂದವಾಗಿ ಕಂಡರೆ ಕೆಳಗಿನ ತಿರುಳೂ ಸೇರಿ ಬಂದಿದೆ ಎಂದರ್ಥ, ಬಿಸಾಡಿ ಇನ್ನೊಂದು ತೆಗೆಯಿರಿ. ಪೊರೆಯನ್ನು ಕೂಡಲೇ ನೀರಿಗೆ ಹಾಕಬೇಕು. ಗಾಳಿಗೆ ಅರ್ಧ ನಿಮಿಷ ಬಿಟ್ಟರೂ ಸುರುಳಿಯಾಗುತ್ತದೆ, ಆಮೇಲೆ ಬಿಡಿಸಲು ಹೋದರೆ ಹರಿಯುತ್ತದೆ.

ಬಣ್ಣಕ್ಕೆ ಸ್ಯಾಫ್ರನಿನ್. 100 ಮಿ.ಲೀ. ನೀರಿಗೆ 1 ಗ್ರಾಂ ಹಾಕಿದ ದ್ರಾವಣವನ್ನು ಹಾಗೇ ಬಳಸಬೇಡಿ. ವಾಚ್‌ಗ್ಲಾಸಿನ ನೀರಿಗೆ ಅದರ ಮೂರು ನಾಲ್ಕು ಹನಿ ಸಾಕು. ಒಂದೆರಡು ನಿಮಿಷ ಬಿಟ್ಟು ಬೇರೆ ನೀರಿನಲ್ಲಿ ತೊಳೆಯಬೇಕು. ಹೆಚ್ಚು ಹೊತ್ತು ಬಿಟ್ಟರೆ ಭಿತ್ತಿ, ಕೋಶರಸ, ಕೋಶಕೇಂದ್ರ ಎಲ್ಲವೂ ಒಂದೇ ಕೆಂಪಾಗಿ, ನೋಡಬೇಕಾದ್ದೇ ಮುಚ್ಚಿಹೋಗುತ್ತದೆ. ಸ್ಯಾಫ್ರನಿನ್ ಸಿಗದ ಕಡೆ ಅಯೋಡಿನ್ ಆಗುತ್ತದೆ: 2 ಗ್ರಾಂ ಪೊಟ್ಯಾಸಿಯಂ ಅಯೊಡೈಡನ್ನು ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಕರಗಿದ ಮೇಲೆ ಒಟ್ಟು 300 ಮಿ.ಲೀ. ಆಗುವಷ್ಟು ನೀರು ಸೇರಿಸಿ. ಈ ಕ್ರಮ ತಪ್ಪಿದರೆ ಅಯೋಡಿನ್ ಹರಳು ತಳದಲ್ಲೇ ಕೂತಿರುತ್ತದೆ, ಬರಿ ನೀರಿನಲ್ಲಿ ಅದು ಹೆಚ್ಚು ಕರಗುವುದಿಲ್ಲ.

ಸ್ಲೈಡಿನ ನಡುವೆ ಒಂದು ಹನಿ ಗ್ಲಿಸರಿನ್, ಅದರಲ್ಲಿ ಮಡಿಕೆಯಿಲ್ಲದೆ ಹರಡಿದ ಪೊರೆ. ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ, 45 ಡಿಗ್ರಿ ಓರೆಯಲ್ಲಿ ಸೂಜಿಯ ಮೇಲೆ ನಿಲ್ಲಿಸಿ ನಿಧಾನವಾಗಿ ಇಳಿಸಬೇಕು. ಮೇಲಿನಿಂದ ತಟ್ಟನೆ ಬಿಟ್ಟರೆ ಗಾಳಿಗುಳ್ಳೆ ಖಂಡಿತ. ಮಕ್ಕಳು "ಸರ್, ಸಿಕ್ಕಿತು" ಎಂದು ಕೂಗುವುದು ಹತ್ತರಲ್ಲಿ ಎಂಟು ಸಲ ಈ ಗುಳ್ಳೆಯನ್ನು ನೋಡಿಯೇ. ಗುಳ್ಳೆಗೆ ದುಂಡನೆಯ, ದಪ್ಪ ಕಪ್ಪು ಅಂಚು. ಒಳಗೆ ಏನೂ ಇರುವುದಿಲ್ಲ. ನೀರುಳ್ಳಿ ಕೋಶ ದುಂಡಗಿರುವುದೇ ಇಲ್ಲ, ಉದ್ದುದ್ದ ಮುರಕಲ್ಲುಗಳನ್ನು ಸಂದಿಲ್ಲದೆ ಜೋಡಿಸಿದ ಗೋಡೆಯಂತಿರುತ್ತದೆ. ಈ ಒಂದು ವ್ಯತ್ಯಾಸವನ್ನು ಮೊದಲೇ ಕಪ್ಪುಹಲಗೆಯಲ್ಲಿ ಬಿಡಿಸಿ ತೋರಿಸಿದರೆ ಅರ್ಧ ಪೀರಿಯಡ್ ಉಳಿಯುತ್ತದೆ.

ನಮ್ಮೂರಿನ ತೇವದಲ್ಲಿ ಕವರ್‌ಸ್ಲಿಪ್ಪುಗಳು ಡಬ್ಬಿಯೊಳಗೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎರಡು ಒಟ್ಟಿಗೆ ಬಂದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, 40ರ ಆಬ್ಜೆಕ್ಟಿವಿನಲ್ಲಿ (ಸ್ಲೈಡಿನ ಕಡೆಗಿರುವ, 40 ಪಟ್ಟು ಹಿಗ್ಗಿಸುವ ಮಸೂರ) ಗೊತ್ತಾಗುತ್ತದೆ. ಆ ಮಸೂರವನ್ನು 0.17 ಮಿ.ಮೀ. ದಪ್ಪದ ಒಂದೇ ಗಾಜಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ದಪ್ಪ ಎರಡರಷ್ಟಾದರೆ ಎಷ್ಟು ತಿರುಗಿಸಿದರೂ ಚಿತ್ರ ಮಸುಕು. ಹಾಗೆಯೇ ಸ್ಲೈಡನ್ನು ಮಗುಚಿ ಇಟ್ಟರೆ 10ರಲ್ಲಿ ಕಾಣುತ್ತದೆ, 40ರಲ್ಲಿ ಫೋಕಸ್ಸೇ ಆಗುವುದಿಲ್ಲ. 40ರ ತುದಿಗೂ ಕವರ್‌ಸ್ಲಿಪ್ಪಿಗೂ ನಡುವೆ ಇರಬೇಕಾದ ಅಂತರ ಅರ್ಧ ಮಿ.ಮೀ. ಆಸುಪಾಸು, ಸ್ಲೈಡಿನ ಗಾಜೇ ಒಂದು ಮಿ.ಮೀ. ದಪ್ಪ. ಇದು ತಿಳಿಯದ ಮಗು ಸ್ಕ್ರೂ ತಿರುಗಿಸುತ್ತ ಹೋಗಿ ಗಾಜು ಒಡೆಯುತ್ತದೆ, ಬೈಗುಳವನ್ನೂ ತಿನ್ನುತ್ತದೆ. ಆದ್ದರಿಂದ ಯಾವಾಗಲೂ ಚಿಕ್ಕ ಆಬ್ಜೆಕ್ಟಿವಿನಿಂದಲೇ ಶುರು. ಪಕ್ಕದಿಂದ ನೋಡುತ್ತ ಕೆಳಗಿಳಿಸಿ, ಐಪೀಸಿನಲ್ಲಿ ಕಣ್ಣಿಟ್ಟ ಮೇಲೆ ಮಸೂರ ಸ್ಲೈಡಿನಿಂದ ದೂರ ಸರಿಯುವಂತೆ ಮಾತ್ರ ದೊಡ್ಡ ಸ್ಕ್ರೂ ತಿರುಗಿಸಬೇಕು. 40ಕ್ಕೆ ಬಂದ ಮೇಲೆ ದೊಡ್ಡ ಸ್ಕ್ರೂ ಮುಟ್ಟಬಾರದು, ಸಣ್ಣದು ಮಾತ್ರ.

ಕಂಡದ್ದನ್ನು ಬಿಡಿಸುವಾಗ ಮಕ್ಕಳು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಪುಸ್ತಕದಲ್ಲಿ ಕೋಶಕೇಂದ್ರ ಬದಿಗೆ ಒತ್ತಿಕೊಂಡಿದೆ, ಇಲ್ಲಿ ಕೆಲವು ಕೋಶಗಳಲ್ಲಿ ನಟ್ಟನಡುವೆ ಇದೆಯಲ್ಲ? ಇದನ್ನು "ಪುಸ್ತಕದ ಹಾಗೆ ಬರಿ" ಎಂದು ಮುಚ್ಚಿಹಾಕಬಾರದು. ಕೋಶ ಒಂದು ಪೆಟ್ಟಿಗೆ, ಅದಕ್ಕೆ ನಾಲ್ಕು ಗೋಡೆ ಮಾತ್ರವಲ್ಲ, ನೆಲವೂ ಮಾಡೂ ಇವೆ. ನಡುವಿನ ದೊಡ್ಡ ರಸದಾನಿ ಕೋಶಕೇಂದ್ರವನ್ನು ಯಾವುದಾದರೂ ಒಂದು ಮೈಗೆ ಒತ್ತಿಹಿಡಿದಿರುತ್ತದೆ. ನೆಲಕ್ಕೋ ಮಾಡಿಗೋ ಒತ್ತಿದ್ದರೆ ಮೇಲಿನಿಂದ ನೋಡುವ ನಮಗೆ ನಡುವೆ ಇದ್ದಂತೆ ಕಾಣುತ್ತದೆ. ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿದರೆ ಒಂದು ಕೋಶಕೇಂದ್ರ ಸ್ಪಷ್ಟವಾಗುವಾಗ ಪಕ್ಕದ್ದು ಮಸುಕಾಗುತ್ತದೆ. ಕೋಶಕ್ಕೆ ಆಳವಿದೆ ಎಂಬುದು ಆ ಕ್ಷಣದಲ್ಲಿ ಮಗುವಿಗೆ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ. ಸ್ಮಾರ್ಟ್ ಬೋರ್ಡಿನ ವೀಡಿಯೊದಲ್ಲಿ ಸ್ಕ್ರೂ ತಿರುಗಿಸುವುದು ಬೇರೆಯವರ ಕೈ.

ಕೋಶಪೊರೆಯ ವಿಷಯವೂ ಹೀಗೆಯೇ. ಅದರ ದಪ್ಪ ಮೈಕ್ರೋಮೀಟರಿನ ನೂರನೇ ಒಂದು ಪಾಲೂ ಇಲ್ಲ, ಭಿತ್ತಿಗೆ ಅಂಟಿಕೊಂಡೇ ಇರುತ್ತದೆ. ಹಾಗಾದರೆ ಇದೆ ಎಂದು ತೋರಿಸುವುದು ಹೇಗೆ? ಕೆಂಪು ನೀರುಳ್ಳಿಯ ಪದರದ ಉಬ್ಬು ಬದಿಯಿಂದ ನೇರಳೆ ಸಿಪ್ಪೆ ತೆಗೆಯಿರಿ. ಬಣ್ಣ ಹಾಕಬೇಡಿ, ಗ್ಲಿಸರಿನ್ ಬೇಡವೇ ಬೇಡ, ಕೋಶ ಜೀವಂತವಾಗಿರಬೇಕು. ನೀರಿನಲ್ಲಿ ಸ್ಲೈಡ್ ಮಾಡಿ, ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಉಪ್ಪುನೀರಿನ ಹನಿ (100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು) ಇಟ್ಟು ಎದುರು ಅಂಚಿನಿಂದ ಟಿಶ್ಯೂ ಕಾಗದದಲ್ಲಿ ಹೀರಿಸಿ. ಕೆಲವೇ ನಿಮಿಷದಲ್ಲಿ ನೇರಳೆ ರಸ ಮೂಲೆಗಳಿಂದ ಬಿಟ್ಟುಕೊಂಡು ಒಳಕ್ಕೆ ಸರಿಯುತ್ತದೆ. ಭಿತ್ತಿ ಇದ್ದಲ್ಲೇ ನಿಲ್ಲುತ್ತದೆ. ಆ ನೇರಳೆ ಉಂಡೆಯ ಹೊರ ಅಂಚೇ ಕೋಶಪೊರೆ ಇರುವ ಜಾಗ. ತಡಮಾಡದೆ ಅದೇ ರೀತಿ ಬರಿ ನೀರು ಹಾಯಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ, ಉಪ್ಪಿನಲ್ಲಿ ಬಹಳ ಹೊತ್ತು ಬಿಟ್ಟರೆ ಕೋಶ ಸತ್ತು ಮರಳುವುದಿಲ್ಲ. ಮಾವಿನಮಿಡಿ ಉಪ್ಪಿನಲ್ಲಿ ಸೊರಗಿ ನೀರು ಬಿಡುವುದನ್ನು ಮನೆಯಲ್ಲಿ ನೋಡಿದ ಮಕ್ಕಳಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ಪ್ರಾಣಿಕೋಶಕ್ಕೆ ಕೆನ್ನೆಯ ಒಳಭಾಗ. ಮೊದಲು ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಕಾಣುವುದು ಬೆಳಗಿನ ತಿಂಡಿ. ಹೊಸ ಇಯರ್‌ಬಡ್ಡಿನಿಂದ ತನ್ನದೇ ಕೆನ್ನೆಯನ್ನು ಮೆಲ್ಲಗೆ ಉಜ್ಜಿ, ಸ್ಲೈಡಿನ ಮೇಲಿನ ಒಂದು ಹನಿ ಉಪ್ಪುನೀರಿನಲ್ಲಿ ಹೊರಳಿಸಬೇಕು. ಈ ಉಪ್ಪುನೀರು ಬೇರೆ: 100 ಮಿ.ಲೀ.ಗೆ 0.9 ಗ್ರಾಂ. ಭಿತ್ತಿಯಿಲ್ಲದ ಕೋಶ ಬರಿ ನೀರಿನಲ್ಲಿ ಉಬ್ಬುತ್ತದೆ. ಮೇಲೆ ಒಂದು ಹನಿ ತೆಳು ಮಿಥಿಲೀನ್ ಬ್ಲೂ, ಶೇ. 0.1ರಷ್ಟು ಸಾಕು. ಎರಡು ನಿಮಿಷದ ನಂತರ ಹೆಚ್ಚಾದದ್ದನ್ನು ಅಂಚಿನಿಂದ ಹೀರಿ ತೆಗೆಯಿರಿ. 10ರಲ್ಲಿ ತಿಳಿನೀಲಿ ಚೂರುಗಳು, 40ರಲ್ಲಿ ತೆಳ್ಳಗಿನ, ಮೂಲೆಮೂಲೆಯಾದ ಕೋಶಗಳು. ಎಷ್ಟೋ ಕಡೆ ಒಂದು ಅಂಚು ನೀರುದೋಸೆಯಂತೆ ಮಡಚಿರುತ್ತದೆ. ಒಳಗೆ ಕಡುನೀಲಿ ಕೋಶಕೇಂದ್ರ. ಮೇಲೆಲ್ಲ ಅಂಟಿದ ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆಗಳು ಕೋಶದ ಭಾಗವಲ್ಲ, ಬಾಯಿಯ ಬ್ಯಾಕ್ಟೀರಿಯ. ಅವನ್ನು ಮೈಟೋಕಾಂಡ್ರಿಯ ಎಂದು ಬರೆಸುವುದನ್ನು ದಯವಿಟ್ಟು ಬಿಡಬೇಕು. ಒಬ್ಬರ ಕಡ್ಡಿ ಇನ್ನೊಬ್ಬರು ಮುಟ್ಟಬಾರದು. ಬಳಸಿದ ಕಡ್ಡಿ, ಸ್ಲೈಡುಗಳೆಲ್ಲ ಬ್ಲೀಚ್ ಬೆರೆಸಿದ ನೀರಿಗೆ ಹೋಗಬೇಕು.

ಕೋಶ ಎಷ್ಟು ದೊಡ್ಡದು ಎಂಬುದನ್ನೂ ಮಕ್ಕಳೇ ಅಳೆಯಬಹುದು. 10ರ ಆಬ್ಜೆಕ್ಟಿವಿನ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ಕಾಣುವ ವೃತ್ತದ ಅಡ್ಡಗಲ ಎಷ್ಟು ಮಿ.ಮೀ. ಎಂದು ನೋಡಿ. ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ, 1.8 ಎಂದಿಟ್ಟುಕೊಳ್ಳಿ. ಆ ಅಗಲದಲ್ಲಿ ಉದ್ದುದ್ದಕ್ಕೆ ಐದು ನೀರುಳ್ಳಿ ಕೋಶ ಹಿಡಿದರೆ ಒಂದೊಂದೂ 0.36 ಮಿ.ಮೀ., ಅಂದರೆ 360 ಮೈಕ್ರೋಮೀಟರ್. 40ಕ್ಕೆ ಬದಲಿಸಿದಾಗ ವೃತ್ತ ನಾಲ್ಕನೇ ಒಂದಕ್ಕೆ ಇಳಿದು 0.45 ಮಿ.ಮೀ. ಆಗುತ್ತದೆ. ಅದರಲ್ಲಿ ಕೆನ್ನೆಯ ಕೋಶ ಏಳು ಹಿಡಿಯುವಂತಿದ್ದರೆ ಒಂದಕ್ಕೆ ಸುಮಾರು 64 ಮೈಕ್ರೋಮೀಟರ್. ಚಿತ್ರದ ಕೆಳಗೆ ಈ ಲೆಕ್ಕ ಇದ್ದರೆ ಆ ಮಗು ಕೋಶ ನೋಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಂಕ ಇದಕ್ಕೆ ಕೊಡಿ.

ನೀರುಳ್ಳಿಗೇ ಯಾಕೆ ನಿಲ್ಲಬೇಕು? ಕೆರೆ, ತೋಡುಗಳಲ್ಲಿ ಸಿಗುವ ಹೈಡ್ರಿಲ್ಲದ ಎಲೆ ಎರಡೇ ಕೋಶದಷ್ಟು ದಪ್ಪ, ಕತ್ತರಿಸುವ ಕೆಲಸವೇ ಇಲ್ಲ. ಬರಿ ನೀರಿನಲ್ಲಿಟ್ಟು ಐದು ಹತ್ತು ನಿಮಿಷ ಬೆಳಕು ಬಿಟ್ಟರೆ ಕ್ಲೋರೋಪ್ಲಾಸ್ಟುಗಳು ಭಿತ್ತಿಯ ಗುಂಟ ಸಾಲಾಗಿ ಸರಿಯುವುದು ಕಾಣುತ್ತದೆ. ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸು ತರುವಾಗ ಒಂದು ದಂಟು ಶಾಲೆಗೂ ಬರಲಿ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ದಂಟಿನ ತೆಳು ಚೂರನ್ನು ನೀರಿನಲ್ಲಿ ಒತ್ತಿ ನೋಡಿದರೆ, ಕಟ್ಟು ಕಟ್ಟಾಗಿ ಕೂತ ಸೂಜಿಗಳು ಕಾಣುತ್ತವೆ. ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳವು, ಗಂಟಲು ತುರಿಸುವುದರಲ್ಲಿ ಈ ಸೂಜಿಗಳ ಪಾಲು ದೊಡ್ಡದು. ಅಂಚಿನಿಂದ ವಿನೆಗರ್ ಹಾಯಿಸಿದರೂ ಕರಗುವುದಿಲ್ಲ. ಸುಣ್ಣದ ಕಾರ್ಬೊನೇಟ್ ಆಗಿದ್ದರೆ ಗುಳ್ಳೆ ಎದ್ದು ಕರಗಬೇಕಿತ್ತು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮ ಊರಿಗೇ ಸೇರಿದ ತೊಂದರೆ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಕಡೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಜೇಡರಬಲೆಯಂಥ ಎಳೆಗಳು ಗಾಜಿನ ಮೇಲೆ ಹರಡಿ, ಅದು ಬಿಡುವ ಆಮ್ಲ ಮಸೂರದ ಲೇಪವನ್ನು ತಿನ್ನುತ್ತದೆ. ಒಮ್ಮೆ ತಿಂದ ಮೇಲೆ ಒರೆಸಿದರೂ ಕಲೆ ಹೋಗದು. ಒಡೆದರೆ ಯಾರು ಹೊಣೆ ಎಂಬ ಹೆದರಿಕೆಯಿಂದ ಬೀಗ ಹಾಕಿದ ಯಂತ್ರವೇ ಹೀಗೆ ಮೊದಲು ಹಾಳಾಗುವುದು. ಮಖಮಲ್ಲು ಹಾಸಿದ ಮರದ ಪೆಟ್ಟಿಗೆ ಮಳೆಗಾಲಕ್ಕೆ ಬೇಡ, ಬಟ್ಟೆ ತೇವ ಹೀರಿ ಹಿಡಿದಿಡುತ್ತದೆ. ಬರಿ ಪ್ಲಾಸ್ಟಿಕ್ ಕವರ್ ಕಟ್ಟಿಟ್ಟರೂ ಒಳಗಿನ ತೇವ ಒಳಗೇ ಉಳಿಯುತ್ತದೆ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲನ್ನು ಕಾಲು ಕಿಲೋದಷ್ಟು ಬಟ್ಟೆಯ ಚೀಲದಲ್ಲಿ ಹಾಕಿ ಜತೆಗಿಡುವುದು ಒಂದು ದಾರಿ. ಗಾಳಿಕಂಡಿ ಇರುವ ಕಪಾಟಿನ ತಳದಲ್ಲಿ 15 ವ್ಯಾಟಿನ ಹಳೆ ಕಾಲದ ಬಲ್ಬನ್ನು, ಸುತ್ತ ಏನೂ ತಾಗದಂತೆ, ಉರಿಸಿಡುವುದು ಇನ್ನೊಂದು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು, ಬೇಕಾದದ್ದು ಶಾಖ.

ಮಸೂರ ಒರೆಸಲು ಸೀರೆಯ ಸೆರಗು, ಅಂಗಿಯ ತುದಿ ಬೇಡ. ಮೊದಲು ಬ್ಲೋವರಿನಿಂದ ಧೂಳು ಹಾರಿಸಿ, ಲೆನ್ಸ್ ಪೇಪರಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಬೇಕು. ಕಲೆ ಎಲ್ಲಿದೆ ಎಂದು ತಿಳಿಯಲು ಐಪೀಸನ್ನು ತಿರುಗಿಸಿ ನೋಡಿ: ಕಲೆಯೂ ತಿರುಗಿದರೆ ಐಪೀಸಿನದ್ದು, ಸ್ಲೈಡ್ ಜರುಗಿಸಿದಾಗ ಜರುಗಿದರೆ ಸ್ಲೈಡಿನದ್ದು. 10ರಲ್ಲಿ ಎಲ್ಲ ಸ್ಪಷ್ಟ, 40ರಲ್ಲಿ ಯಾವ ಸ್ಲೈಡ್ ಇಟ್ಟರೂ ಮಂಜು ಎಂದಾದರೆ 40ರ ತುದಿಗೆ ಗ್ಲಿಸರಿನ್ ಮೆತ್ತಿದೆ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಶಿಕ್ಷಣ ಇಲಾಖೆ ಸೂಕ್ಷ್ಮದರ್ಶಕಗಳ ಸರ್ವಿಸನ್ನು ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮುಂಚೆ ಮಾಡಿಸಲಿ. ಕವರ್‌ಸ್ಲಿಪ್ ಒಡೆಯುವ ವಸ್ತು. ಅದನ್ನು ಸ್ಟಾಕ್ ರಿಜಿಸ್ಟರಿನ ಭಯವಿಲ್ಲದೆ ಖರ್ಚು ಬರೆಯಲು ಶಿಕ್ಷಕರಿಗೆ ಅವಕಾಶ ಬೇಕು. ಸ್ಮಾರ್ಟ್ ಬೋರ್ಡ್ ಕೊಡಿಸುವ ಹಳೆ ವಿದ್ಯಾರ್ಥಿ ಸಂಘಗಳು, ದಾನಿಗಳು ಮುಂದಿನ ಸಲ ನಾಲ್ಕು ವಿದ್ಯಾರ್ಥಿ ಸೂಕ್ಷ್ಮದರ್ಶಕಗಳ ಬಗ್ಗೆಯೂ ಯೋಚಿಸಬಹುದು. ಅಷ್ಟು ಆಗದ ಕಡೆ ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ, ಫೋಲ್ಡ್‌ಸ್ಕೋಪ್ ಇದೆ. ಸುಮಾರು 140 ಪಟ್ಟು ಹಿಗ್ಗಿಸುತ್ತದೆ, ನೀರುಳ್ಳಿಗೂ ಕೆನ್ನೆಗೂ ಅದು ಧಾರಾಳವಾಯಿತು. ನಲವತ್ತು ಮಕ್ಕಳಿಗೆ ಎರಡೇ ಯಂತ್ರವಿದ್ದರೂ ಒಂದು ವಾರದಲ್ಲಿ ಸರದಿಯಂತೆ ಎಲ್ಲರ ಸ್ಲೈಡೂ ಮುಗಿಯುತ್ತದೆ. ವಾರಕ್ಕೊಮ್ಮೆ ಬೆಳಕು, ಗಾಳಿ ಕಂಡ ಮಸೂರಕ್ಕೆ ಬೂಷ್ಟು ಹಿಡಿಯುವುದೂ ಕಡಿಮೆ.

ಸದ್ಯಕ್ಕೆ ಈ ಪತ್ರ ಓದಿದ ಶಿಕ್ಷಕರು ನಾಳೆ ಕಪಾಟು ತೆರೆದು ಸಿಲಿಕಾ ಜೆಲ್ಲಿನ ಬಣ್ಣ ನೋಡಲಿ. ನೀಲಿ ಹೋಗಿ ಗುಲಾಬಿಯಾಗಿದ್ದರೆ ಅದು ಇನ್ನು ತೇವ ಹೀರುವುದಿಲ್ಲ. ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟು ನೀಲಿಗೆ ತಿರುಗಿದ ಮೇಲೆ, ಆರಿದ ಕೂಡಲೇ ಡಬ್ಬಿಗೆ ಸೇರಿಸಿ. ಆ ನೀಲಿ ಕೋಬಾಲ್ಟಿನದ್ದು, ಆದ್ದರಿಂದ ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಇತಿ,
ಜೀವಶಾಸ್ತ್ರ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ಕೆಲವು ಅಧ್ಯಾಪಕರು ಮತ್ತು ಸಹಾಯಕರು
ಉಡುಪಿ